ಮನೆಯ ನೆತ್ತಿಗೆ ಡ್ರ್ಯಾಗನ್ ಕೂರಿಸುವುದು ಹೇಗೆ?

ಇಂಗ್ಲೆಂಡಿಗೆ ಬಂದು ಹಳೇ ಮನೆ ಕೊಂಡ ಕನ್ನಡಿಗರು ತಿಂಗಳಿಗೊಬ್ಬರಾದರೂ ಇದನ್ನು ಕೇಳುತ್ತಾರೆ. "ಪಕ್ಕದ ಮನೆ ಮಾಡಿನ ತುದಿಯಲ್ಲಿ ಮಣ್ಣಿನ ಡ್ರ್ಯಾಗನ್ ಕೂತಿದೆ, ನಮ್ಮ ಮಾಡಿನ ಮೇಲೆ ಬರೀ ಮುರಿದ ಮೋಟು ಉಳಿದಿದೆ. ಹೊಸದು ಕೂರಿಸಬಹುದಾ?"

ಕೂರಿಸಬಹುದು. ಆದರೆ ಗೋಡೆಗೆ ಮೊಳೆ ಹೊಡೆದು ಫೋಟೊ ನೇತುಹಾಕಿದ ಹಾಗಲ್ಲ. ಇಪ್ಪತ್ತು ಮೂವತ್ತು ಕೆಜಿ ಸುಟ್ಟ ಮಣ್ಣನ್ನು ಗಾಳಿ ಅತಿ ಜೋರಾಗಿ ಬಡಿಯುವ ಜಾಗದಲ್ಲಿ, ಜನ ಓಡಾಡುವ ದಾರಿಯ ತಲೆಯ ಮೇಲೆ ನಿಲ್ಲಿಸುತ್ತಿದ್ದೀರಿ. ನೋಡುವವರಿಗೆ ಅದು ಅಲಂಕಾರ, ಮಾಡುವವರಿಗೆ ಹೆಂಚಿನ ಕೆಲಸ. ಇದನ್ನು ಮರೆತವರೇ ಮುಂದಿನ ಚಳಿಗಾಲದಲ್ಲಿ ನನಗೆ ಮತ್ತೆ ಫೋನ್ ಮಾಡುವವರು.

ಮೊದಲು ನಾಲ್ಕು ಪದ ತಿಳಿದಿರಲಿ. ಮಾಡಿನ ಎರಡು ಇಳಿಜಾರು ಕೂಡುವ ನೆತ್ತಿಯ ಗೆರೆಗೆ ಇಲ್ಲಿ 'ರಿಡ್ಜ್' ಅಂತಾರೆ, ಅದರ ಮೇಲೆ ಕವುಚಿ ಹಾಕುವುದು ರಿಡ್ಜ್ ಹೆಂಚು. ಆ ಗೆರೆ ಬೀದಿ ಕಡೆಗೆ ಬಂದು ಮುಗಿಯುವಲ್ಲಿ ಕೆಳಗೆ ಕಾಣುವ ತ್ರಿಕೋನದ ಗೋಡೆ 'ಗೇಬಲ್'. ಗೋಡೆಯ ಬದಲು ಮೂರನೆಯ ಇಳಿಜಾರೊಂದು ಬಂದು ಕೂಡಿದರೆ ಅದು 'ಹಿಪ್'. ತುದಿಯಲ್ಲಿ ಎದ್ದು ನಿಲ್ಲುವ ಅಲಂಕಾರದ ತುಂಡು 'ಫಿನಿಯಲ್', ನಮ್ಮ ಗುಡಿಗಳ ಮೇಲೆ ಕಲಶ ಇದ್ದ ಹಾಗೆ. ಇಷ್ಟು ಗೊತ್ತಿದ್ದರೆ ಕೆಲಸದವರ ಜೊತೆ ಧೈರ್ಯವಾಗಿ ಮಾತಾಡಬಹುದು. ಪಕ್ಕಾಸು, ರೀಪುಗಳ ಪರಿಚಯ ಕರಾವಳಿ, ಮಲೆನಾಡಿನವರಿಗೆ ಇದ್ದೇ ಇದೆ. ಉಳಿದವರಿಗೆ ಹೇಳುವುದಾದರೆ, ನೆತ್ತಿಯಿಂದ ಗೋಡೆಗೆ ಇಳಿಯುವ ಮರ ಪಕ್ಕಾಸು, ಹೆಂಚು ಕೂರಲು ಅದರ ಮೇಲೆ ಅಡ್ಡಲಾಗಿ ಹೊಡೆಯುವ ಪಟ್ಟಿ ರೀಪು.

ಈ ಡ್ರ್ಯಾಗನ್‌ಗಳು ಹೆಚ್ಚಾಗಿ ವಿಕ್ಟೋರಿಯಾ ರಾಣಿಯ ಕೊನೆಯ ದಶಕಗಳಿಂದ ಮೊದಲ ಮಹಾಯುದ್ಧದವರೆಗೆ ಕಟ್ಟಿದ ಮನೆಗಳ ಮೇಲಿನವು. ಆ ಕಾಲಕ್ಕೆ ವೇಲ್ಸ್‌ನ ರುಆಬನ್ ಸುತ್ತ ಕೆಂಪು ಟೆರಕೋಟಾ ಎಷ್ಟು ತಯಾರಾಗುತ್ತಿತ್ತೆಂದರೆ ಊರಿಗೆ 'ಟೆರಕೋಟಾಪೊಲಿಸ್' ಅನ್ನುವ ಅಡ್ಡಹೆಸರೇ ಬಿತ್ತು. ಸ್ಟಾಫರ್ಡ್‌ಶೈರ್‌ನ ಎಟ್ರೂರಿಯಾ ಮಾರ್ಲ್ ಎಂಬ ಜೇಡಿಯಿಂದ ಕೆಂಪು ಹೆಂಚೂ ಬಂತು, ಅದೇ ಜೇಡಿಯನ್ನು ಗೂಡಿನಲ್ಲಿ ಗಾಳಿ ಕಟ್ಟಿ ಸುಟ್ಟಾಗ ನೀಲಿಗಪ್ಪು ಹೆಂಚೂ ಬಂತು. ಅಂದಹಾಗೆ, ನಿಮ್ಮ ಪಕ್ಕದ ಮನೆಯದರ ಕಾಲು ಎಣಿಸಿ ನೋಡಿ. ನಾಲ್ಕಿದ್ದರೆ ಡ್ರ್ಯಾಗನ್, ಎರಡೇ ಇದ್ದು ರೆಕ್ಕೆಯಿದ್ದರೆ ಅದು 'ವೈವರ್ನ್'. ಆರ್ಡರ್ ಮಾಡುವಾಗ ಈ ವ್ಯತ್ಯಾಸ ಕೆಲಸಕ್ಕೆ ಬರುತ್ತದೆ.

"ಮನೆ ಮೇಲೆ ಅಂಥ ಪ್ರಾಣಿ ಇಟ್ಟರೆ ಅಶುಭ ಅಲ್ವಾ?" ಅಂತಲೂ ಕೇಳುತ್ತಾರೆ, ಅದರಲ್ಲೂ ಊರಿಂದ ಅತ್ತೆ ಮಾವ ಬಂದಾಗ. ಕಟ್ಟುತ್ತಿರುವ ಮನೆಗೆ ದೃಷ್ಟಿಬೊಂಬೆ ಕಟ್ಟುವ, ಗುಡಿಯ ಬಾಗಿಲ ಮೇಲೆ ಕೀರ್ತಿಮುಖ ಕೆತ್ತುವ ನಾವು ಹಲ್ಲು ಕಿರಿದ ಮುಖಕ್ಕೆ ಹೆದರುವುದೇ? ನನ್ನ ಮಟ್ಟಿಗೆ ಅಶುಭವೆಂದರೆ ಸಡಿಲವಾಗಿ ಕೂರಿಸಿದ ಡ್ರ್ಯಾಗನ್ ಒಂದೇ.

1. ಮಾಡನ್ನು ಕೆಳಗಿನಿಂದಲೂ ಒಳಗಿನಿಂದಲೂ ನೋಡಿ

ರಸ್ತೆಯ ಆಚೆ ಬದಿಗೆ ಹೋಗಿ ನಿಂತು ದುರ್ಬೀನಿನಲ್ಲಿ ನೋಡಿ. ರಿಡ್ಜ್ ಗೆರೆ ನೆಟ್ಟಗಿದೆಯೋ, ಹಳೇ ಹಾಸಿಗೆಯ ಹಾಗೆ ನಡುವೆ ಬಾಗಿದೆಯೋ? ಗಾರೆ ಉದುರಿದೆಯೋ? ಕೊನೆಯ ಹೆಂಚಿನಲ್ಲಿ ಮುರಿದ ಮೋಟು, ಒಂದು ತೂತು ಅಥವಾ ತುಕ್ಕಿನ ಕಲೆ ಕಂಡರೆ ಹಿಂದೆ ಅಲ್ಲೊಂದು ಫಿನಿಯಲ್ ಇತ್ತೆಂದು ಲೆಕ್ಕ. ಅದೇ ಸಾಲಿನ, ಅದೇ ಮೇಸ್ತ್ರಿ ಕಟ್ಟಿದ ಮನೆಗಳನ್ನೂ ನೋಡಿ, ನಿಮ್ಮದರ ಮೇಲೆ ಏನಿತ್ತೆಂದು ಅವೇ ಹೇಳುತ್ತವೆ.

ಆಮೇಲೆ ಟಾರ್ಚು ಹಿಡಿದು ಅಟ್ಟಕ್ಕೆ ಹತ್ತಿ. ನೆತ್ತಿಯಲ್ಲಿ ಪಕ್ಕಾಸುಗಳು ಒರಗಿರುವ ಹಲಗೆಯನ್ನು ಸ್ಕ್ರೂಡ್ರೈವರ್ ತುದಿಯಿಂದ ಚುಚ್ಚಿ ನೋಡಿ. ಗಟ್ಟಿ ಮರಕ್ಕೆ ಅದು ನಾಟುವುದಿಲ್ಲ. ಬೆಣ್ಣೆಗೆ ಇಳಿದ ಹಾಗೆ ಇಳಿದರೆ ಡ್ರ್ಯಾಗನ್ ಮರೆತು ಮೊದಲು ಮರದ ಕೆಲಸ ಮಾಡಿಸಿ. ಹಳೇ ಮನೆಗಳಲ್ಲಿ ಈ ಹಲಗೆ ಒಂದಿಂಚು ದಪ್ಪವಷ್ಟೇ ಇರುವುದು ಸಾಮಾನ್ಯ, ಬೇರೆ ಆಸರೆ ಕೊಡದೆ ಅದರ ಮೇಲೆ ಭಾರ ಹೇರುವಂತಿಲ್ಲ.

ಅಟ್ಟದಲ್ಲಿ ಇಲಿಹಿಕ್ಕೆಯಂಥ ಕಪ್ಪು ಕಾಳು ಬಿದ್ದಿದ್ದರೆ ಎರಡು ಬೆರಳಲ್ಲಿ ಹೊಸಕಿ ನೋಡಿ (ಕೈಗೆ ಗ್ಲೌಸ್ ಇರಲಿ). ಪುಡಿಪುಡಿಯಾಗಿ ಉದುರಿದರೆ ಅದು ಬಾವಲಿಯದು. ರಿಡ್ಜ್ ಹೆಂಚಿನ ಅಡಿಯ ಸಂದು ಬಾವಲಿಗಳಿಗೆ ಅಚ್ಚುಮೆಚ್ಚಿನ ಜಾಗ. ಈ ದೇಶದಲ್ಲಿ ಬಾವಲಿಗೂ ಅದರ ತಾಣಕ್ಕೂ ಕಾನೂನಿನ ರಕ್ಷಣೆಯಿದೆ. ಬಾವಲಿ ಆಗ ಒಳಗಿಲ್ಲದಿದ್ದರೂ ತಾಣ ಕೆಡಿಸಿದರೆ ಅಪರಾಧ. ಬ್ಯಾಟ್ ಕನ್ಸರ್ವೇಶನ್ ಟ್ರಸ್ಟ್‌ನ ಸಹಾಯವಾಣಿಗೆ ಕೇಳಿಯೇ ಮುಂದುವರಿಯಿರಿ. ಹಕ್ಕಿಗೂಡಿನ ವಿಷಯವೂ ಹಾಗೆಯೇ: 1981ರ ವನ್ಯಜೀವಿ ಕಾಯ್ದೆಯ ಪ್ರಕಾರ ಬಳಕೆಯಲ್ಲಿರುವ ಗೂಡನ್ನು ಮುಟ್ಟುವಂತಿಲ್ಲ.

2. ಅನುಮತಿ ಬೇಕೇ?

ಒಂದೇ ಮಾತಿನ ಉತ್ತರವಿಲ್ಲ. ಮನೆ 'ಲಿಸ್ಟೆಡ್' ಆಗಿದ್ದರೆ, ಅಂದರೆ ಸರ್ಕಾರದ ಪಾರಂಪರಿಕ ಪಟ್ಟಿಯಲ್ಲಿದ್ದರೆ, ಲಿಸ್ಟೆಡ್ ಬಿಲ್ಡಿಂಗ್ ಕನ್ಸೆಂಟ್ ಇಲ್ಲದೆ ಕೈ ಹಾಕಲೇಬೇಡಿ. ಅದು ದಂಡ ಕಟ್ಟಿ ಮರೆಯುವ ತಪ್ಪಲ್ಲ, ಕ್ರಿಮಿನಲ್ ಅಪರಾಧ. ಸಾಮಾನ್ಯ ಮನೆಯಾದರೆ, ಇಂಗ್ಲೆಂಡಿನ 2015ರ ಪ್ಲಾನಿಂಗ್ ಆದೇಶದ ಪ್ರಕಾರ ಅರ್ಜಿಯಿಲ್ಲದೆ ಮಾಡಬಹುದಾದ ಛಾವಣಿ ಬದಲಾವಣೆಗಳಿಗೆ ಒಂದು ಷರತ್ತಿದೆ: ಮೂಲ ಛಾವಣಿಯ ಅತಿ ಎತ್ತರದ ಬಿಂದುವನ್ನು ಮೀರಬಾರದು. ಅಕ್ಷರಶಃ ಓದಿದರೆ ನೆತ್ತಿಯ ಮೇಲೆ ನಿಲ್ಲುವ ಡ್ರ್ಯಾಗನ್ ಅದನ್ನು ಮೀರುತ್ತದೆ! ಮುರಿದದ್ದರ ಜಾಗಕ್ಕೆ ಅಂಥದ್ದೇ ಇನ್ನೊಂದನ್ನು ಕೂರಿಸುವುದು ದುರಸ್ತಿ ಎನಿಸಿಕೊಳ್ಳಬಹುದು, ಎಂದೂ ಇಲ್ಲದ ಕಡೆ ಹೊಸದಾಗಿ ನಿಲ್ಲಿಸುವುದು ಬೇರೆ ಮಾತು. ಕೌನ್ಸಿಲ್‌ನ ಪ್ಲಾನಿಂಗ್ ವಿಭಾಗಕ್ಕೆ ಒಂದು ಫೋಟೊ ಸಮೇತ ಇಮೇಲ್ ಬರೆದು ಉತ್ತರವನ್ನು ಬರಹದಲ್ಲೇ ತೆಗೆದಿಟ್ಟುಕೊಳ್ಳಿ. ಮನೆ ಕನ್ಸರ್ವೇಶನ್ ಏರಿಯಾದಲ್ಲಿದ್ದರೆ (ಹಳೇ ಚಹರೆ ಕಾಪಾಡಲೆಂದು ಗುರುತಿಸಿದ ಪ್ರದೇಶ) ಅದನ್ನೂ ಹೇಳಿ. ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡ್‌ಗಳ ನಿಯಮ ಬೇರೆ.

ಫ್ಲ್ಯಾಟಿನವರಿಗೆ ಈ ವಿನಾಯಿತಿ ಇಲ್ಲ, ಮಾಡೂ ಬಹುಮಟ್ಟಿಗೆ ನಿಮ್ಮೊಬ್ಬರದಲ್ಲ. ಜೋಡಿಮನೆ, ಸಾಲುಮನೆಯವರು ಪಕ್ಕದವರಿಗೆ ಮೊದಲೇ ಹೇಳಿಬಿಡಿ. ಇನ್ಶೂರೆನ್ಸ್ ಕಂಪನಿಗೂ ಒಂದು ಸಾಲು ತಿಳಿಸಿ.

3. ಕೋನ ಅಳೆಯಿರಿ: ಎಲ್ಲರೂ ಎಡವುವುದು ಇಲ್ಲೇ

ಡ್ರ್ಯಾಗನ್ ಫಿನಿಯಲ್ ಬಿಡಿ ಬೊಂಬೆಯಲ್ಲ. ಅದರ ಪೀಠವೇ ಒಂದು ರಿಡ್ಜ್ ಹೆಂಚು. ಸಾಲಿನ ಕೊನೆಯ ಹೆಂಚನ್ನು ತೆಗೆದು ಆ ಜಾಗದಲ್ಲಿ ಇದನ್ನು ಕೂರಿಸುತ್ತಾರೆ. ಹಾಗಾಗಿ ಪೀಠದ ಒಳಕೋನ ನಿಮ್ಮ ನೆತ್ತಿಯ ಕೋನಕ್ಕೆ ಹೊಂದಲೇಬೇಕು.

ಲೆಕ್ಕ ಸುಲಭ. ಅಟ್ಟದಲ್ಲಿ ಪಕ್ಕಾಸಿನ ಕೆಳಮೈಗೆ ಫೋನನ್ನು ಒತ್ತಿ ಹಿಡಿದು ಲೆವೆಲ್ ಆ್ಯಪ್‌ನಲ್ಲಿ ಇಳಿಜಾರು ಓದಿ. ಅದನ್ನು ಎರಡರಿಂದ ಗುಣಿಸಿ 180ರಿಂದ ಕಳೆಯಿರಿ. ಇಳಿಜಾರು 45 ಡಿಗ್ರಿಯಾದರೆ ಪೀಠ 90 ಡಿಗ್ರಿ, 37.5 ಆದರೆ 105, 30 ಆದರೆ 120. ಎರಡೂ ಬದಿ ಅಳೆಯಿರಿ, ಹಳೇ ಮನೆಗಳಲ್ಲಿ ಎರಡು ಇಳಿಜಾರು ಒಂದೇ ಆಗಿರಬೇಕೆಂದಿಲ್ಲ.

ನಾನು ಮೊದಲ ಸಲ ಬೀದಿಯಿಂದ ತೆಗೆದ ಫೋಟೊದ ಮೇಲೆ ಕೋನ ಅಳೆದು ಜಾಣನಾದೆ. ಕೆಳಗಿನಿಂದ ತೆಗೆದ ಚಿತ್ರದಲ್ಲಿ ಮಾಡು ಚಪ್ಪಟೆಯಾಗಿ ಕಾಣುತ್ತದೆ ಅನ್ನುವುದು ತಲೆಗೆ ಹೊಳೆದಿರಲಿಲ್ಲ. 90ರ ನೆತ್ತಿಗೆ 105ರ ಪೀಠ ಬಂತು. ಇಟ್ಟು ನೋಡಿದರೆ ಬೆನ್ನಮೂಳೆಯ ಮೇಲಷ್ಟೇ ತಾಗಿ ಎರಡು ಅಂಚೂ ಮೇಲೆದ್ದು, ಬಡಕಲು ಕುದುರೆಗೆ ದೊಡ್ಡ ಜೀನು ಹಾಕಿದ ಹಾಗೆ ತೂಗಾಡುತ್ತಿತ್ತು. ಆರ್ಡರ್ ಕೊಟ್ಟು ಮಾಡಿಸಿದ್ದು, ವಾಪಸು ತೆಗೆದುಕೊಳ್ಳಲಿಲ್ಲ. ಈಗ ಹಿತ್ತಿಲಲ್ಲಿ ಗೊಬ್ಬರದ ಡಬ್ಬಿ ಕಾಯುತ್ತಿದೆ.

ಕೋನದ ಜೊತೆ ಇನ್ನೂ ಮೂರು ಬರೆದುಕೊಳ್ಳಿ: ಈಗಿರುವ ರಿಡ್ಜ್ ಹೆಂಚಿನ ಉದ್ದ (300 ಅಥವಾ 450 ಮಿ.ಮೀ. ಸಾಮಾನ್ಯ), ಬಣ್ಣ, ತುದಿ ಗೇಬಲ್ಲೋ ಹಿಪ್ಪೋ ಎಂಬುದು. ಹಿಪ್ ತುದಿಗೆ ಮೂರು ಕಡೆ ಇಳಿಯುವ ಬೇರೆ ಬಗೆಯ ಪೀಠ ಬೇಕು.

4. ಕೊಳ್ಳುವುದು

ಹೊಸ ಟೆರಕೋಟಾ ನನ್ನ ಮೊದಲ ಆಯ್ಕೆ. ಹೆಂಚಿನ ಜೊತೆ ಹೆಂಚಿನ ಹಾಗೇ ಹಳತಾಗುತ್ತದೆ. ಫೈಬರ್‌ಗ್ಲಾಸ್‌ನವು ತೀರಾ ಹಗುರ, ಪಕ್ಕಾಸು ಬಡಕಲಾಗಿದ್ದರೆ ಅದೇ ಜಾಣತನ. ಆದರೆ ಬಿಸಿಲಿಗೆ ಬಣ್ಣ ಕಳೆದುಕೊಳ್ಳುತ್ತದೆ, ಹಗುರವೆಂದು ಗಾಳಿ ಬಿಡುವುದೂ ಇಲ್ಲ. ಸಿಮೆಂಟಿನದು ಭಾರವೂ ಹೌದು, ಮೂಗು ಬಾಯಿ ಮೊಂಡಾಗಿ ಡ್ರ್ಯಾಗನ್ ಹೋಗಿ ಕಪ್ಪೆಯಾಗಿರುವುದೂ ಹೌದು. ಅಂದಕ್ಕಾದರೂ ಅದು ಬೇಡ.

ಸಾಲ್ವೇಜ್ ಯಾರ್ಡಿನಲ್ಲಿ (ಕೆಡವಿದ ಕಟ್ಟಡಗಳ ಸಾಮಾನು ಮಾರುವ ಅಂಗಳ) ಹಳೆಯದು ಸಿಕ್ಕರೆ ಅದೃಷ್ಟ. ಆದರೆ ಸಂತೆಯಲ್ಲಿ ಮಡಕೆ ಕೊಳ್ಳುವ ಅಜ್ಜಿಯ ಹಾಗೆ ಬಡಿದು ನೋಡಿ. ಪೀಠವನ್ನು ಮರದ ಹಲಗೆಯ ಮೇಲಿಟ್ಟು ಬೆರಳ ಗೆಣ್ಣಿನಿಂದ ಪೀಠ, ಎದೆ, ರೆಕ್ಕೆಯ ಬುಡ, ಬಾಲ ಹೀಗೆ ಒಂದೊಂದೇ ಕಡೆ ತಟ್ಟಿ. ಗಟ್ಟಿಯಿದ್ದರೆ ಟಣ್ ಅನ್ನುತ್ತದೆ. ಎಲ್ಲೋ ಒಂದು ಕಡೆ ಸದ್ದು ಮಂಕಾಗಿ 'ಡಬ್' ಅಂದರೆ ಅಲ್ಲಿ ಕಣ್ಣಿಗೆ ಕಾಣದ ಬಿರುಕಿದೆ, ಇಲ್ಲವೇ ಯಾರೋ ಮುರಿದದ್ದನ್ನು ಅಂಟಿಸಿ ಬಣ್ಣ ಬಳಿದಿದ್ದಾರೆ. ಆಮೇಲೆ ಬೋರಲು ಹಾಕಿ ಟೊಳ್ಳಿನೊಳಗೆ ಟಾರ್ಚು ಬಿಡಿ. ಹಳೇ ಕಬ್ಬಿಣದ ಸಲಾಕೆ ಒಳಗೇ ಉಳಿದು ಸುತ್ತ ಕೆಂಪು ಪದರ ಎದ್ದಿದ್ದರೆ ಕೊಳ್ಳಬೇಡಿ. ತುಕ್ಕು ಹಿಡಿದ ಕಬ್ಬಿಣ ಉಬ್ಬಿ ಒಳಗಿನಿಂದಲೇ ಮಣ್ಣನ್ನು ಸೀಳುತ್ತದೆ. ಹಳೆಯ ಫಿನಿಯಲ್‌ಗಳು ಒಡೆದು ಹಾಳಾಗುವ ಒಂದು ಮುಖ್ಯ ದಾರಿ ಇದೇ.

"ಊರಿನ ಕುಂಬಾರರ ಕೈಲಿ ಮಾಡಿಸಿ ತರಬಹುದಾ? ಹೆಂಚಿಗೆ ಮಂಗಳೂರು ಹೆಸರುವಾಸಿ ಅಲ್ವಾ?" ಹೆಸರುವಾಸಿ ನಿಜ. 1865ರಲ್ಲಿ ಬಾಸೆಲ್ ಮಿಷನ್ನಿನ ಪ್ಲೆಬ್ಸ್ಟ್ ಅಲ್ಲಿ ಹೆಂಚಿನ ಕಾರ್ಖಾನೆ ಶುರುಮಾಡಿದ ಮೇಲೆ ಆ ಹೆಂಚು ಕಡಲು ದಾಟಿ ಎಲ್ಲೆಲ್ಲಿಗೋ ಹೋಯಿತು. ಆದರೆ ಮಂಗಳೂರಿನ ಮಳೆ ತಡೆದದ್ದು ಇಲ್ಲಿನ ಹಿಮ ತಡೆಯಬೇಕೆಂದಿಲ್ಲ. ಮಣ್ಣಿನ ಸಣ್ಣ ರಂಧ್ರಗಳಲ್ಲಿ ಹೀರಿಕೊಂಡ ನೀರು ಹೆಪ್ಪುಗಟ್ಟಿದಾಗ ಹಿಗ್ಗುತ್ತದೆ, ಕರಗುತ್ತದೆ, ರಾತ್ರಿ ಮತ್ತೆ ಹಿಗ್ಗುತ್ತದೆ. ಹೀಗೆ ಒಂದೆರಡು ಚಳಿಗಾಲ ಕಳೆಯುವುದರೊಳಗೆ ಮೈ ಚಕ್ಕೆ ಚಕ್ಕೆಯಾಗಿ ಏಳುತ್ತದೆ. ಕುಂಬಾರಿಕೆಯ ತಪ್ಪಲ್ಲ ಅದು, ಆ ಮಣ್ಣನ್ನು ಆ ಹವೆಗೆ ಸುಟ್ಟದ್ದು. ಊರಿಂದ ತಂದದ್ದನ್ನು ಮನೆಯೊಳಗೆ ಬೆಂಕಿಗೂಡಿನ ಮೇಲಿಡಿ. ಮಾಡಿಗೆ ತೆಗೆದುಕೊಳ್ಳುವಾಗ ಹಿಮ ತಾಳುತ್ತದೆಯೇ ಎಂದು ಕೇಳಿ, ಉತ್ತರವನ್ನು ರಸೀದಿಯ ಮೇಲೆ ಬರೆಸಿಕೊಳ್ಳಿ.

5. ಹತ್ತುವವರು ಯಾರು?

ನೀವಲ್ಲ. ಏಣಿ ಒರಗಿಸಿ ಒಂದು ಕೈಲಿ ಡ್ರ್ಯಾಗನ್ ತಬ್ಬಿಕೊಂಡು ಹತ್ತುವ ಪ್ರಯೋಗ ಬೇಡವೇ ಬೇಡ. ಸ್ಕ್ಯಾಫೋಲ್ಡಿಂಗ್ (ಕೆಲಸಕ್ಕೆ ಕಟ್ಟುವ ಅಟ್ಟಣಿಗೆ) ಬೇಕು, ಎತ್ತಲು ಇಬ್ಬರು ಬೇಕು. ಅಟ್ಟಣಿಗೆಯ ಕಾಲು ಫುಟ್‌ಪಾತ್ ಮೇಲೆ ಬರುವುದಾದರೆ ಕೌನ್ಸಿಲ್ ಲೈಸೆನ್ಸ್ ಬೇಕು. ಅದನ್ನು ಸಾಮಾನ್ಯವಾಗಿ ಅಟ್ಟಣಿಗೆಯವರೇ ಮಾಡಿಸುತ್ತಾರೆ, ಆದರೂ ಕೇಳಿ ಖಾತ್ರಿ ಮಾಡಿಕೊಳ್ಳಿ.

ಡ್ರ್ಯಾಗನ್‌ಗಿಂತ ಅಟ್ಟಣಿಗೆಯ ಬಾಡಿಗೆಯೇ ಹೆಚ್ಚಾದರೆ ಆಶ್ಚರ್ಯವಿಲ್ಲ. ಆದ್ದರಿಂದ ಚಿಮಣಿ ಗಾರೆ, ಸೂರಿನ ದೋಣಿ, ಜಾರಿದ ಹೆಂಚು ಇಂಥ ಬಾಕಿ ಕೆಲಸಗಳನ್ನೆಲ್ಲ ಒಂದೇ ಸಲಕ್ಕೆ ಸೇರಿಸಿ. "ಈ ಕಡೆ ಹೋಗ್ತಿದ್ದೆ, ನಿಮ್ಮ ರಿಡ್ಜ್ ಸಡಿಲ ಆಗಿರೋದು ಕಾಣಿಸ್ತು" ಎಂದು ಬಾಗಿಲು ತಟ್ಟಿ ಬರುವವರಿಗೆ ಮಾತ್ರ ಕೆಲಸ ಕೊಡಬೇಡಿ.

6. ನೆಲದ ಮೇಲೆ ಒಂದು ತಾಲೀಮು

ಎರಡು ಹಲಗೆಯನ್ನು ನಿಮ್ಮ ಕೋನಕ್ಕೆ ಜೋಡಿಸಿ, ಒಂದು ರಿಡ್ಜ್ ಹೆಂಚು ಪಕ್ಕದಲ್ಲಿಟ್ಟು ಫಿನಿಯಲ್ ಕೂರಿಸಿ ನೋಡಿ. ಬೀದಿಗೆ ಮುಖ, ರಿಡ್ಜ್ ಗುಂಟ ಬಾಲ, ಇದು ಇಲ್ಲಿನ ರೂಢಿ. ಪೀಠದಲ್ಲಿ ಸಲಾಕೆಗೆ ತೂತು ಇಲ್ಲದಿದ್ದರೆ ಈಗಲೇ ಕೊರೆಯಿರಿ. ವಜ್ರದ ಬಿಟ್, ನೀರು ಹನಿಸುತ್ತ, ನಿಧಾನವಾಗಿ. ಡ್ರಿಲ್ಲಿನ ಹ್ಯಾಮರ್ ಗುಂಡಿ ಒತ್ತಿದಿರೋ, ಕೊಂಡ ದುಡ್ಡು ಎರಡು ಹೋಳು. ಟೊಳ್ಳಿನೊಳಗೆ ಸೇರಿದ ನೀರು ಹೊರಹೋಗಲು ತಗ್ಗಿನಲ್ಲಿ ಒಂದು ಕಿರುಗಂಡಿ ಇದೆಯೇ ಎಂದೂ ನೋಡಿಕೊಳ್ಳಿ.

7. ಕೂರಿಸುವುದು

ಕೆಲಸದವರೇ ಮಾಡುತ್ತಾರೆ ನಿಜ. ಆದರೆ ಏನು ಮಾಡಬೇಕೆಂದು ನಿಮಗೆ ಗೊತ್ತಿದ್ದರೆ ಮಾತ್ರ ಸರಿಯಾಗಿ ಮಾಡುತ್ತಾರೆ.

ಕೊನೆಯ ಒಂದೆರಡು ರಿಡ್ಜ್ ಹೆಂಚನ್ನು ಉಳಿಯಿಂದ ಬಿಡಿಸಿ ತೆಗೆಯಬೇಕು, ಹಳೇ ಗಾರೆಯನ್ನು ಪೂರ್ತಿ ಕೆರೆಯಬೇಕು. ಅಟ್ಟದ ಸಾಮಾನಿಗೆ ಮೊದಲೇ ಹಳೇ ಬೆಡ್‌ಶೀಟ್ ಹೊದಿಸಿಡಿ, ನೂರು ವರ್ಷದ ಧೂಳು ಸುರಿಯುತ್ತದೆ.

ನೆತ್ತಿಯ ಹಲಗೆಯ ಎರಡೂ ಬದಿಗೆ, ಪಕ್ಕಾಸುಗಳ ನಡುವೆ ಗಟ್ಟಿ ಮರದ ತುಂಡು ಕೂರಿಸಿ ಸ್ಕ್ರೂ ಬಿಗಿಯಬೇಕು. ಡ್ರ್ಯಾಗನ್‌ನ ಹಿಡಿತವೆಲ್ಲ ಇದರ ಮೇಲೆ. ಅದರೊಳಗೆ 10 ಅಥವಾ 12 ಮಿ.ಮೀ. ದಪ್ಪದ ಸ್ಟೇನ್‌ಲೆಸ್ ಸ್ಟೀಲ್ ತಿರುಪುಸಲಾಕೆ (ನಟ್ ಕೂರಲು ಮೈಮೇಲೆ ಸ್ಕ್ರೂವಿನಂಥ ಸುತ್ತು ಇರುವ ಸರಳು), 316 ದರ್ಜೆಯದು. ಮಾಮೂಲಿ ಕಬ್ಬಿಣ ಹಾಕಿದರೆ ಏನಾಗುತ್ತದೆಂದು ಆಗಲೇ ಹೇಳಿದೆ. ಸಲಾಕೆ ಹಾಯುವಲ್ಲಿ ನೀರು ಇಳಿಯದಂತೆ ಪೀಠದ ಅಡಿಗೆ ಸೀಸದ ಹಾಳೆ ಹಾಸಬೇಕು. 'ಕೋಡ್ 4' ಅಂತ ಕೇಳಿ, 1.8 ಮಿ.ಮೀ. ದಪ್ಪ ಇರುತ್ತದೆ.

"ಗಾರೇನೇ ಸಾಕು ಸಾರ್, ನಮ್ಮಪ್ಪನ ಕಾಲದಿಂದ ಹಿಂಗೇ ಮಾಡ್ತಿರೋದು" ಎಂಬ ಅರ್ಥದ ಮಾತು ಇಂಗ್ಲಿಷಿನಲ್ಲೂ ನಿಮ್ಮ ಕಿವಿಗೆ ಬೀಳುತ್ತದೆ. ಒಪ್ಪಬೇಡಿ. ಹೆಂಚಿನ ಕೆಲಸದ ಬ್ರಿಟಿಷ್ ಮಾನಕ ಬಿಎಸ್ 5534ರ 2014ರ ಪರಿಷ್ಕರಣೆಯ ಪ್ರಕಾರ ರಿಡ್ಜ್ ಹೆಂಚಿಗೆ ಗಾರೆಯೊಂದೇ ಸಾಲದು, ಸ್ಕ್ರೂ, ಕ್ಲಿಪ್ಪಿನಂಥ ಲೋಹದ ಹಿಡಿತವೂ ಬೇಕು. ಬರೀ ಹೆಂಚಿಗೇ ಹಾಗಿದ್ದರೆ ರೆಕ್ಕೆ ಬಿಚ್ಚಿ ನಿಂತ ಡ್ರ್ಯಾಗನ್‌ಗೆ? ಗಾಳಿ ಮಾಡನ್ನು ಎಳೆಯುವ ಬಲ ಅಂಚಿನಲ್ಲೂ ಮೂಲೆಯಲ್ಲೂ ಎಲ್ಲಕ್ಕಿಂತ ಹೆಚ್ಚು, ಅದು ಕೂರುವುದೂ ಸರಿಯಾಗಿ ಅಲ್ಲೇ.

ಗಾರೆಗೆ ಒಂದು ಪಾಲು ಸಿಮೆಂಟಿಗೆ ಮೂರು ಪಾಲು ದಪ್ಪ ಮರಳು. ಮನೆಯ ಹಳೇ ಕೆಲಸ ಸುಣ್ಣದ್ದಾದರೆ ಹೈಡ್ರಾಲಿಕ್ ಸುಣ್ಣವೇ (ನೀರು ಸೇರಿದರೆ ತಾನಾಗಿ ಗಟ್ಟಿಯಾಗುವ ಸುಣ್ಣ) ಒಳ್ಳೆಯದು, ಅದು ಮನೆಯ ಜೊತೆ ತುಸು ಅಲುಗಾಡುತ್ತದೆ, ಮುಂದೊಂದು ದಿನ ಹೆಂಚು ಒಡೆಯದೆ ಬಿಡಿಸಲೂ ಬರುತ್ತದೆ. ಪೀಠವನ್ನು ಮೊದಲು ನೀರಲ್ಲಿ ನೆನೆಸಿ, ಇಲ್ಲದಿದ್ದರೆ ಒಣಮಣ್ಣು ಗಾರೆಯ ನೀರನ್ನೆಲ್ಲ ಹೀರಿ ಹಿಡಿತವೇ ಬರುವುದಿಲ್ಲ. ಗಾರೆ ಎರಡು ಬದಿಯ ಅಂಚಿಗೆ, ಪಕ್ಕದ ಹೆಂಚಿನ ಜೊತೆಗಿನ ಸೇರುವೆಗೆ ಮತ್ತು ಗೇಬಲ್ ಕಡೆಯ ಬಾಯಿಗೆ ಮಾತ್ರ. ಗೇಬಲ್ ಬಾಯಲ್ಲಿ ಹೆಂಚಿನ ಚೂರು ಸೇರಿಸಿ ತುಂಬಿದರೆ ಗಾರೆ ಬಿರಿಯುವುದಿಲ್ಲ. ಹೊಟ್ಟೆಯೊಳಗೆ ಗಾರೆ ಗಿಡಿಯುವುದು ದೊಡ್ಡ ತಪ್ಪು. ತೂಕ ಏರುತ್ತದೆ, ನೀರು ನಿಲ್ಲುತ್ತದೆ, ಹಿಮಕ್ಕೆ ಒಡೆಯುತ್ತದೆ.

ಲೆವೆಲ್ ನೋಡಿ, ಬೀದಿಯಲ್ಲಿ ಒಬ್ಬರನ್ನು ನಿಲ್ಲಿಸಿ ನೆಟ್ಟಗಿದೆಯೇ ಎಂದು ಕೂಗಿ ಕೇಳಿ, ಆಮೇಲೆ ರಬ್ಬರ್ ವಾಷರ್ ಹಾಕಿ ನಟ್ ಬಿಗಿಯಬೇಕು. ಕೈಬಿಗಿ ಆದ ಮೇಲೆ ಸ್ಪ್ಯಾನರಿನಲ್ಲಿ ಇನ್ನೊಂಚೂರು, ಅಷ್ಟೇ. ಸುಟ್ಟ ಮಣ್ಣು ಕಬ್ಬಿಣದ ಹಾಗೆ ಮಣಿಯುವುದಿಲ್ಲ, ಚಿಟ್ ಅಂದರೆ ಮುಗಿಯಿತು.

ಕೆಲಸಕ್ಕೆ ಮೇ ತಿಂಗಳಿಂದ ಸೆಪ್ಟೆಂಬರ್ ಒಳ್ಳೆಯ ಕಾಲ. ಸುಣ್ಣದ ಗಾರೆಗೆ 5 ಡಿಗ್ರಿಗಿಂತ ಕೆಳಗಿನ ಚಳಿ ಆಗದು, ಹಾಕಿದ ಮೇಲೂ ಕೆಲವು ದಿನ ಹಿಮ, ಹೊಡೆಮಳೆ ತಾಗದಂತೆ ಗೋಣಿ ಹೊದಿಸಬೇಕು.

8. ಆಮೇಲೆ

ಅಟ್ಟಣಿಗೆ ಬಿಚ್ಚುವ ಮುನ್ನ ಹತ್ತಿರದಿಂದ ನಾಲ್ಕು ಕಡೆಯ ಫೋಟೊ ತೆಗೆಸಿಕೊಳ್ಳಿ. ಮುಂದೆ ಹೋಲಿಸಿ ನೋಡಲು ಅದೊಂದೇ ಆಧಾರ. ಮೊದಲ ಜೋರು ಮಳೆ ಬಂದ ರಾತ್ರಿ ಅಟ್ಟಕ್ಕೆ ಹೋಗಿ ಸಲಾಕೆಯ ಸುತ್ತ ಕೈಯಾಡಿಸಿ, ಒದ್ದೆ ಇದ್ದರೆ ಕೆಲಸದವರನ್ನು ಆಗಲೇ ಕರೆಸಿ.

ಹೊಸ ಕೆಂಪು ಕಣ್ಣಿಗೆ ಹೊಡೆಯುತ್ತದೆ ಅಂತ ಕೆಲವರಿಗೆ ಬೇಜಾರು. ಮೊಸರು ಬಳಿದರೆ ಪಾಚಿ, ಕಲ್ಲುಹೂವು ಬೇಗ ಹತ್ತಿ ಹಳೆಯದರಂತೆ ಕಾಣುತ್ತದೆ ಎಂದು ಇಲ್ಲಿನ ತೋಟಗಾರರು ಹೇಳುತ್ತಾರೆ. ಇಲ್ಲಿನ ಮಳೆಗೆ ಮಾಡಿನ ಮೇಲೆ ಮೊಸರು ಎಷ್ಟು ದಿನ ನಿಂತೀತು? ಹೊಗೆ, ಮಂಜು, ಪಾರಿವಾಳ ಸೇರಿ ನಾಲ್ಕೈದು ವರ್ಷದಲ್ಲಿ ಆ ಕೆಲಸ ಪುಕ್ಕಟೆಯಾಗಿ ಮಾಡಿಕೊಡುತ್ತವೆ.

ಪ್ರತಿ ಚಳಿಗಾಲ ಕಳೆದ ಮೇಲೆ, ದೊಡ್ಡ ಗಾಳಿ ಬೀಸಿದ ಮಾರನೇ ದಿನ, ದುರ್ಬೀನಿನಲ್ಲಿ ಒಮ್ಮೆ ನೋಡಿ. ಪೀಠದಂಚಿನ ಗಾರೆಯಲ್ಲಿ ಕಪ್ಪು ಗೆರೆ ಕಂಡರೆ ಗಾರೆ ಬಿಟ್ಟಿದೆ, ಅದನ್ನು ಮುಂದಿನ ಬೇಸಿಗೆಗೆ ಸರಿಮಾಡಿಸಬಹುದು. ರೆಕ್ಕೆಯಲ್ಲೋ ಕತ್ತಿನಲ್ಲೋ ಬಿರುಕು ಕಂಡರೆ ಬೇಸಿಗೆಗೆ ಕಾಯಬೇಡಿ. ಕೆಳಗಿನ ದಾರಿಯಲ್ಲಿ ಯಾರೂ ನಿಲ್ಲದಂತೆ ಅಡ್ಡ ಕಟ್ಟಿ, ಅದೇ ವಾರ ಅದನ್ನು ಇಳಿಸಿ.